ಬಟ್ಟಲಿನ ತಳದ ಬಾತುಕೋಳಿ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಯೂ ಇನ್ನೂ ಹುಟ್ಟಿರದ ಕಾಲದಲ್ಲಿ, ದೂರದ ಚೀನಾ ದೇಶದಲ್ಲಿ ಒಬ್ಬ ಚಕ್ರವರ್ತಿ ಇದ್ದನಂತೆ. ಅವನಿಗೊಬ್ಬಳು ಪುಟ್ಟ ಮಗಳು, ಹೆಚ್ಚುಕಮ್ಮಿ ನಿನ್ನಷ್ಟೇ, ಆದ್ರೆ ನಿನ್ನಷ್ಟು ತರಲೆ ಅಲ್ಲ ಬಿಡು. ಕಾಲು ಒದೀಬೇಡ, ಕೇಳು. ಆ ಮಗೂನ ಅಮ್ಮ ಜ್ವರ ಬಂದು ತೀರಿಕೊಂಡಳಂತೆ, ಆವತ್ತಿಂದ ಮಗು ಗಂಜಿ ಕಂಡರೆ ಮುಖ ತಿರುಗಿಸೋದಂತೆ. ಅಮ್ಮ ಉಣಿಸುವಾಗ ಅವಳ ಬೆಳ್ಳಿ ಬಳೆ ಬಟ್ಟಲಿಗೆ ತಾಗಿ ಕಿಣಿ ಕಿಣಿ ಅಂತಿತ್ತಲ್ಲ, ಆ ಬಳೆಗಳನ್ನ ಎದೆಗೆ ಅವುಚಿಕೊಂಡು ಮೂಲೇಲಿ ಕೂತುಬಿಡೋದಂತೆ. ದಿನದಿನಕ್ಕೂ ಸೊರಗಿ ಕಡ್ಡಿ ಹಾಗಾಯ್ತಂತೆ, ವೈದ್ಯರೂ ಕೈಚೆಲ್ಲಿದರಂತೆ.

ಆಮೇಲೆ ಚಕ್ರವರ್ತಿ ಮಗಳ ಗಲ್ಲ ಹಿಡಿದು, ಈ ಬಳೆ ಕೊಡು ಕಂದ, ಇದರಲ್ಲೇ ಬಟ್ಟಲು ಮಾಡಿಸಿಕೊಡ್ತೀನಿ, ಅಮ್ಮನ ಬೆಳ್ಳೀಲೇ ಉಣ್ಣಬಹುದು ಅಂದನಂತೆ. ಮಗು ಒಂದೊಂದೇ ಬಳೆ ಅಪ್ಪನ ಅಂಗೈಯಲ್ಲಿ ಇಟ್ಟಿತಂತೆ.

ಅರಮನೆಗೆ ಬೆಳ್ಳಿ ಪಾತ್ರೆ ಮಾಡಿಕೊಡೋನು ಗುವೊ ಅನ್ನೋ ಮುದುಕ. ಅವನಿಗೆ ಇಬ್ಬರು ಗಂಡುಮಕ್ಕಳು, ಕಿರಿಯವಳು ಮಗಳು, ಪಿಂಗ್ ಅಂತ. ಮುದುಕನ ಕೈ ನಡುಗ್ತಿತ್ತು, ಅದಕ್ಕೆ ಕೆಲಸ ಮಕ್ಕಳ ಪಾಲಿಗೆ ಬಂತು. ದೊಡ್ಡವನು, ಚಕ್ರವರ್ತಿ ಮನೆ ಅಂದ್ರೆ ಸುಮ್ನೇನಾ ಅಂತ ಕೊಪ್ಪರಿಗೆಯಂಥ ಬಟ್ಟಲು ಬಡಿಯೋಕೆ ಕೂತನಂತೆ. ಪಿಂಗ್ ಅವನಿಗೆ, ಅಣ್ಣ, ಬೆಳ್ಳಿ ಬಿಗೀತಾ ಇದೆ, ಒಂಚೂರು ಬೆಂಕೀಲಿ ಮಲಗಿಸು ಅಂದಳಂತೆ. ಬೆಳ್ಳಿ ಪೆಟ್ಟು ತಿಂದೂ ತಿಂದೂ ಬಿಗಿದುಕೊಳ್ಳುತ್ತೆ ಕಣೇ, ಆಗಾಗ ಕೆಂಪಗೆ ಕಾಯಿಸಿದ್ರೆ ಮತ್ತೆ ಮೆತ್ತಗಾಗುತ್ತೆ. ಅವನು, ಮಲಗಿಸೋಕೆ ಅದೇನು ಕೂಸಾ ಅಂತ ನಕ್ಕು, ಟಣ್ ಟಣ್ ಅಂತ ಬಡಿದನಂತೆ. ಬಟ್ಟಲು ಫಟ್ ಅಂತ ಸೀಳಿತಂತೆ.

ಆಮೇಲೆ ಅದನ್ನ ಕರಗಿಸಿ ನಡುವಿನವನು ಕೂತನಂತೆ. ಕರಗಿಸೋದು ಉಜ್ಜೋದರಲ್ಲೇ ಬೆಳ್ಳಿ ಒಂದಷ್ಟು ಸವೆದು ಬಟ್ಟಲೂ ಚಿಕ್ಕದಾಯ್ತು. ಇವನು ಬೆಳ್ಳೀನ ಮಲಗಿಸಿದ, ಪಾಪ, ಆದ್ರೆ ಮೀಸೆ ಬಿಟ್ಟ ಡ್ರ್ಯಾಗನ್ ಕೆತ್ತೋ ಆತುರದಲ್ಲಿ ಒಳಗೆ ಅರಗು ತುಂಬೋದು ಬಿಟ್ಟ. ಒಳಗೆ ಅರಗಿದ್ರೆ ತಾನೇ ಹೊರಗಿನ ಉಳಿ ಪೆಟ್ಟು ತಡೆಯೋದು? ಡ್ರ್ಯಾಗನ್ ಬಾಲಕ್ಕೆ ಬರೋ ಹೊತ್ತಿಗೆ ಬಟ್ಟಲು ಹಪ್ಪಳದ ಹಾಗೆ ಸೊಟ್ಟಗಾಗಿ ತೂತು ಬಿತ್ತಂತೆ.

ಈಗ ಪಿಂಗ್ ಸರದಿ ಬಂತಂತೆ. ಮತ್ತೆ ಕರಗಿಸಿದ್ರೆ ಉಳಿದದ್ದು ಅಂಗೈಯಗಲ ಬೆಳ್ಳಿ. ಇದೂ ಕೆಟ್ಟರೆ ಆ ಮಗೂಗೆ ಅಮ್ಮನ ಬಳೆಯೂ ಇಲ್ಲ, ಬಟ್ಟಲೂ ಇಲ್ಲ. ಅಪ್ಪಾ, ನನ್ನ ಕೈಲಾಗುತ್ತಾ ಅಂದಳಂತೆ. ಗುವೊ, ಆಗದಿದ್ರೆ ನಿನ್ನ ಕೈಗೆ ಕೊಡ್ತಿದ್ನೇನೇ ಅಂದನಂತೆ.

ಪಿಂಗ್ ನಾಲ್ಕು ಪೆಟ್ಟು ಹಾಕೋಳು, ಬೆಂಕೀಲಿಟ್ಟು ಮಲಗು ತಾಯಿ ಮಲಗು ಅನ್ನೋಳು, ಮತ್ತೆ ನಾಲ್ಕು ಪೆಟ್ಟು. ಆಮೇಲೆ ಒಳಗೆ ಅರಗು ತುಂಬಿ, ಮಗು ಉಣ್ಣೋ ಬಟ್ಟಲಿಗೆ ಡ್ರ್ಯಾಗನ್ ಯಾಕೆ ಅಂದುಕೊಂಡು, ಅಡಿಯಿಂದ ಮೆಲ್ಲಗೆ ಉಳಿ ತಟ್ಟಿ, ಒಳಗಿನ ತಳದಲ್ಲಿ ಒಂದು ತಾಯಿ ಬಾತುಕೋಳಿ ಉಬ್ಬಿಸಿದಳಂತೆ. ಅದರ ರೆಕ್ಕೆ ಅಡೀಲಿ ಒಂದು ಮರಿ. ಸುತ್ತ ಸಾಸಿವೆಯಷ್ಟು ಪುಟ್ಟ ಪುಟ್ಟ ಉಂಗುರದ ಗುರುತು ಒತ್ತಿದಳಂತೆ.

ಚಕ್ರವರ್ತಿ ನೋಡಿ ಹುಬ್ಬು ಗಂಟಿಕ್ಕಿದನಂತೆ. ಅಷ್ಟೊಂದು ಬಳೆಗೆ ಇಷ್ಟೇ ಬಟ್ಟಲಾ ಅಂದನಂತೆ. ಪಿಂಗ್ ತಲೆ ತಗ್ಗಿಸಿ, ಎರಡು ಸಲ ನಮ್ಮ ಮನೇಲೇ ಕೆಟ್ಟಿತು ಸ್ವಾಮಿ, ಉಳಿದದ್ದು ಇಷ್ಟೇ, ಮಗೂಗೆ ಕೊಟ್ಟು ನೋಡಿ, ಆಮೇಲೆ ಏನು ಶಿಕ್ಷೆ ಕೊಟ್ಟರೂ ಸರಿ ಅಂದಳಂತೆ.

ಬಟ್ಟಲು ಮಗೂನ ಪುಟ್ಟ ಕೈಗೆ ಅಳತೆ ತಗೊಂಡು ಮಾಡಿದ ಹಾಗೆ ಕೂತಿತಂತೆ. ದಾದಿ ಗಂಜಿ ಹಾಕುವಾಗ ಚಮಚ ತಾಗಿ ಕಿಣಿ ಅಂತು. ಮಗು ತಲೆ ಎತ್ತಿ, ಅಮ್ಮನ ಬಳೆ ಅಂದಿತಂತೆ. ಒಂದು ಗುಟುಕು ಕುಡೀತು, ಬಾತುಕೋಳಿ ಕೊಕ್ಕು ಕಂಡಿತು. ಇನ್ನೊಂದು ಗುಟುಕು, ಕುತ್ತಿಗೆ ಕಂಡಿತು. ಆಮೇಲೆ ಬಟ್ಟಲೆತ್ತಿ ಕುಡಿದೇ ಕುಡೀತು, ರೆಕ್ಕೆ ಕಂಡಿತು, ರೆಕ್ಕೆ ಅಡಿಯ ಮರಿ ಕಂಡಿತು. ಅಪ್ಪಾ ನೋಡು, ಅಮ್ಮನ ಹತ್ರ ನಾನಿದೀನಿ ಅಂದಿತಂತೆ. ಅಂಥಾ ಚಕ್ರವರ್ತಿ, ಎಲ್ಲರೆದುರು ಗೊಳೋ ಅಂತ ಅತ್ತುಬಿಟ್ಟನಂತೆ.

ಆಮೇಲೆ ಪಿಂಗ್‌ಗೆ ಅರಮನೆ ಪಕ್ಕದಲ್ಲೇ ಕುಲುಮೆ ಹಾಕಿಸಿಕೊಟ್ಟನಂತೆ, ಅಣ್ಣಂದಿರೂ ಅವಳ ಜೊತೆ ಅವಸರ ಬಿಟ್ಟು ಕೆಲಸ ಮಾಡಿಕೊಂಡು ಚೆನ್ನಾಗಿದ್ದರಂತೆ. ಆ ಮಗು ದಿನಾ ಗಂಜಿ ಕುಡಿದು, ಮರಿ ಮುಖ ನೋಡಿಯೇ ಮಲಗ್ತಿತ್ತಂತೆ.

ಗಂಜಿ ಮುಗೀತು, ಕತೆ ಮುಗೀತು. ಬೆಳ್ಳೀನೇ ಮಲಗುತ್ತೆ, ನಿನಗೇನೇ? ಬಾ, ನನ್ನ ಸೆರಗಿನ ಅಡಿಗೆ ಬಾ.