ಹಲಸಿನ ಮಣೆ

ದಂಟಿನ ಸೊಪ್ಪಿನ ಸಾರು ಕುದಿಯುವ ವಾಸನೆ ಬಂದರೆ ಸಾಕು, ಸಿದ್ದವೀರನಿಗೆ ಇಂದಿಗೂ ಹೊಳೆದಂಡೆಯ ಆ ಆಶ್ರಮ ನೆನಪಾಗುತ್ತದೆ. ತಲೆ ನರೆತಿದೆ, ಜನ ಈಗ ಅವನನ್ನೇ ಗುರುಗಳೇ ಎನ್ನುತ್ತಾರೆ. ಆದರೂ ಆ ವಾಸನೆಗೆ ಅವನು ಮತ್ತೆ ಇಪ್ಪತ್ತರ ಶಿಷ್ಯನಾಗಿಬಿಡುತ್ತಾನೆ.

ಆ ವರ್ಷ ಗುರು ರುದ್ರಮುನಿಗಳು ಅವನ ಅಂಗೈಗೆ ಒಂದು ಚಿಟಿಕೆ ಬೀಜ ಹಾಕಿದ್ದರು.

"ನಮ್ಮವ್ವ ಸೆರಗಿನ ತುದೀಲಿ ಗಂಟು ಹಾಕಿಟ್ಟಿದ್ದ ದಂಟಿನ ತಳಿ ಕಣಪ್ಪ. ವರ್ಷಾ ವರ್ಷಾ ಬಿತ್ತಿ ಉಳಿಸ್ಕೊಂಡು ಬಂದಿದ್ದೀನಿ. ಈಗ ಇಷ್ಟೇ ಇರೋದು. ಹುಷಾರು."

ಮೊಳೆತದ್ದು ಹನ್ನೊಂದೇ ಸಸಿ. ಸಿದ್ದವೀರ ಅವನ್ನು ಹೆತ್ತ ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಂಡ.

ಜಡಿಮಳೆ ಹಿಡಿಯಿತು. ಅದರ ಹಿಂದೆಯೇ ಹುಳು ಬಂತು, ಚಿಪ್ಪಿಲ್ಲದ ಬಸವನಹುಳು. ಬೆಳಗಾದರೆ ಎಲೆಯೆಲ್ಲ ಜರಡಿ, ಮಣ್ಣಿನ ಮೇಲೆ ಲೋಳೆಯ ಗೆರೆ. ಒಲೆಯ ಬೂದಿ ಸುತ್ತ ಚೆಲ್ಲಿದರೆ ಮಳೆ ತೊಳೆದುಕೊಂಡು ಹೋಯಿತು. ನಾಲ್ಕು ದಿನಕ್ಕೆ ಹನ್ನೊಂದು ಆರಾಯಿತು.

ಸಿದ್ದವೀರ ರೇಗಿ ಅಡುಗೆಮನೆಯ ಉಪ್ಪಿನ ಮಡಕೆಗೆ ಕೈಹಾಕಿದ.

"ಉಪ್ಪು ಯಾಕೆ?" ಎಂದರು ಗುರುಗಳು.

"ಮೈಮೇಲೆ ಹಾಕಿದ್ರೆ ಕರಗಿ ಹೋಗ್ತಾವಂತೆ."

"ಎಲ್ಲಿವೆ ಅವು?"

"ಹೊಳೆ ಕಡೆ ಪೊದೇಲಿ. ಅಲ್ಲಿಂದ್ಲೇ ಬರ್ತಾವೆ."

"ನೋಡಿದ್ಯಾ?"

"ಇನ್ನೆಲ್ಲಿಂದ ಬರ್ತಾವೆ ಗುರುಗಳೇ?"

ಗುರುಗಳು ಉಪ್ಪಿನ ಮಡಕೆ ಮುಚ್ಚಿದರು. ತಾವು ಕೂರುವ ಹಲಸಿನ ಮಣೆಯನ್ನು ತಂದು ಅವನ ಕೈಗೆ ಕೊಟ್ಟರು.

"ಹಾಗಾದ್ರೆ ಕೂತು ಕಾಯಿ."

ಸಿದ್ದವೀರ ಪಾತಿಯ ಪಕ್ಕ ಮಣೆ ಹಾಕಿ, ಹೊಳೆಯ ಕಡೆ ಮುಖ ಮಾಡಿ ಕುಳಿತ. ಮೂರು ದಿನ, ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ. ಪೊದೆಯಿಂದ ಒಂದು ಹುಳುವೂ ಬರಲಿಲ್ಲ. ದೀಪ ಹಚ್ಚಿದ ಮೇಲೆ ಮಣೆಯನ್ನು ಅಲ್ಲೇ ಹಸಿಮಣ್ಣಿನ ಮೇಲೆ ಬಿಟ್ಟು ಊಟಕ್ಕೆ ಹೋಗುತ್ತಿದ್ದ.

ನಾಲ್ಕನೆಯ ಬೆಳಿಗ್ಗೆ ಸಸಿ ಮೂರೇ ಇದ್ದವು.

ಅವನು ಓಡಿ ಬಂದು ಗುರುಗಳ ಕಾಲು ಹಿಡಿದ. ಅಳು ತಡೆಯಲಾಗಲಿಲ್ಲ.

"ನಿಮ್ಮವ್ವನ ತಳಿ ನನ್ನ ಕೈಯಲ್ಲೇ ಮುಗಿದುಹೋಗುತ್ತೆ ಗುರುಗಳೇ. ಕಣ್ಣು ಮುಚ್ಚದೆ ಕಾದೆ. ಒಂದೂ ಕಾಣ್ಲಿಲ್ಲ."

"ಎಲ್ಲಿ ಕೂತಿದ್ದೆ, ತೋರ್ಸು."

ಸಿದ್ದವೀರ ಹೋಗಿ ಮಣೆಯ ಮೇಲೆ ಕುಳಿತು ತೋರಿಸಿದ.

"ಏಳು."

ಎದ್ದ. ಗುರುಗಳು ಬಗ್ಗಿ ಮಣೆಯನ್ನು ಎತ್ತಿದರು.

ಅದರಡಿಯ ತಂಪಿನಲ್ಲಿ ಇಪ್ಪತ್ತು ಮೂವತ್ತು ಹುಳು, ಒಲೆ ಮುಂದಿನ ಬೆಕ್ಕಿನ ಮರಿಗಳ ಹಾಗೆ ಒಂದಕ್ಕೊಂದು ಒತ್ತಿಕೊಂಡು, ರಾತ್ರಿಯೆಲ್ಲ ಹೊಟ್ಟೆ ತುಂಬ ತಿಂದು ನೆಮ್ಮದಿಯಾಗಿ ಮಲಗಿದ್ದವು.

ಸಿದ್ದವೀರ ಅಲ್ಲೇ ಕುಕ್ಕರಿಸಿ ನೋಡಿದ. ಮೂರು ದಿನ ಕಳ್ಳರಿಗೆ ಸೂರಾಗಿ ಕುಳಿತಿದ್ದವನು ತಾನೇ! ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು.

"ನಿಮಗೆ ಗೊತ್ತಿತ್ತು ಅಲ್ವಾ? ಮೂರು ಸಸಿ ಹೋದ್ವಲ್ಲ ಗುರುಗಳೇ!"

"ಮೂರು ಇವೆಯಲ್ಲ."

ಗುರುಗಳು ನಗುತ್ತಿದ್ದರು, ಕಣ್ಣು ಮಾತ್ರ ಒದ್ದೆಯಾಗಿತ್ತು.

"ನಾನೂ ಚಿಕ್ಕೋನಿದ್ದಾಗ ಹೀಗೇ ಕೂತಿದ್ದೆ, ಇದೇ ಮಣೆ ಮೇಲೆ. ಅವ್ವ ಕಿವಿ ಹಿಡಿದು ಎಬ್ಬಿಸಿ, ಎತ್ತಿ ತೋರಿಸಿದ್ಲು. ಅವತ್ತು ಅವಳು ನಕ್ಕಿದ್ದು ನೋಡ್ಬೇಕಿತ್ತು ನೀನು."

ಸಿದ್ದವೀರ ಹುಳುಗಳನ್ನೆಲ್ಲ ಮೊರಕ್ಕೆ ತುಂಬಿಕೊಂಡು, ಹೊಳೆ ದಾಟಿ ಬಿಟ್ಟು ಬಂದ. ಬಂದವನೇ ಮಣೆಯನ್ನು ಎತ್ತಿಕೊಂಡು ಹೊಳೆಗೆ ಎಸೆಯಲು ಹೊರಟ. ಗುರುಗಳು ಅದನ್ನು ಅವನ ಕೈಯಿಂದ ತೆಗೆದುಕೊಂಡು, ಪಾತಿಯ ಪಕ್ಕ ಮೊದಲಿದ್ದ ಜಾಗದಲ್ಲೇ ಹಾಕಿದರು.

"ಮತ್ತೆ ಇದರಡಿಗೇ ಬಂದು ಸೇರ್ಕೊಳ್ತಾವಲ್ಲ ಗುರುಗಳೇ!"

"ಸೇರ್ಕೊಳ್ಲಿ ಅಂತಲೇ ಹಾಕಿರೋದು. ನೀನು ಮಾತ್ರ ದಿನಾ ಬೆಳಿಗ್ಗೆ, ಕೂರೋಕೆ ಮುಂಚೆ, ಎತ್ತಿ ನೋಡು."