ಕೂಸು ಅತ್ತ ದಿನ

ಕಲ್ಲಹೊಳಿಯ ಮಠದಲ್ಲಿ ಪೂಜ್ಯ ಮಡಿವಾಳಯ್ಯಜ್ಜನವರಿಗೆ ಪೀಠವೆಂಬುದು ಇರಲಿಲ್ಲ. ದಾಸೋಹದ ಮನೆಯ ಹೊಸ್ತಿಲ ಬಳಿ ಗೋಣಿಚೀಲ ಹಾಸಿಕೊಂಡು, ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿರುತ್ತಿದ್ದರು. ಬಂದವರ ದುಃಖವನ್ನೂ ಅಲ್ಲಿಯೇ ಕೇಳುತ್ತಿದ್ದರು.

ಒಂದು ಬೆಳಗ್ಗೆ ಶಿವಗಂಗವ್ವನೆಂಬ ಹೆಣ್ಣುಮಗಳು ಎರಡು ವರ್ಷದ ಮಗಳು ಚಂದ್ರಲಾಳೊಂದಿಗೆ ಬಂದಳು. ಜೊತೆಗೆ ಗಂಡನ ಅಕ್ಕ ನಿಂಬೆವ್ವ ಇದ್ದಳು. ಚಂದ್ರಲಾ ಇನ್ನೂ ಅಂಬೆಗಾಲಿಡುತ್ತಿದ್ದಾಗ ತಾಯಿಗೆ ಕ್ಷಯ ತಗುಲಿತ್ತು. ಅವಳು ವರ್ಷವಿಡೀ ದೂರದ ಆಸ್ಪತ್ರೆಯಲ್ಲಿದ್ದಳು. ಕೂಸು ಬಳಗದ ಮನೆಯಿಂದ ಮನೆಗೆ ಕೈ ಬದಲಿಸುತ್ತ ಬೆಳೆಯಿತು. ಈಗ ತಾಯಿ ಗುಣವಾಗಿ ಬಂದರೂ ಕೂಸು ಅವಳತ್ತ ಹೊರಳುತ್ತಿರಲಿಲ್ಲ. ಯಾರು ಕೈ ಚಾಚಿದರೂ ಹೋಗುತ್ತಿತ್ತು. ಯಾರು ಇಳಿಸಿದರೂ ಸುಮ್ಮನಿರುತ್ತಿತ್ತು. ಮಾತು ಬಂದಿರಲಿಲ್ಲ. ಬಿದ್ದರೂ ಅಳುತ್ತಿರಲಿಲ್ಲ.

"ಅಜ್ಜಾರ, ನನ್ನ ಗುರುತು ಇದಕ್ಕ ಉಳಿದಿಲ್ರಿ. ಅಕ್ಕಾಗ ಕೊಟ್ಟುಬಿಡತೀನಿ. ಆಶೀರ್ವಾದ ಮಾಡ್ರಿ," ಎಂದು ಶಿವಗಂಗವ್ವ ಅತ್ತಳು.

ನಿಂಬೆವ್ವ ನಕ್ಕಳು. "ಇಂಥಾ ಶಾಣ್ಯಾ ಕೂಸು ಯಾರಿಗೆ ಬ್ಯಾಡ್ರಿ? ನನ್ನವು ಊರಿಗೂರ ಎಬ್ಬಿಸ್ತಿದ್ವು. ಇಲ್ಲಿ ನೋಡ್ರಿ, ಮಗಳು ಸುಮ್ಮ ಕುಂತಾಳ, ಅವ್ವ ಅಳತಾಳ!"

ಅಜ್ಜನವರು ಜೋಳದೊಳಗಿನ ಹರಳು ಆರಿಸುತ್ತಲೇ ಕೇಳಿದರು: "ದವಾಖಾನಿಗೆ ಹೋಗುವಾಗ ಕೂಸಿಗೆ 'ಬರ್ತೀನಿ' ಅಂದಿದ್ದೇನವ್ವಾ?"

"ಇಲ್ರಿ. ನಿದ್ದ್ಯಾಗಿತ್ತು. ಎದ್ರ ಅಳತೈತಿ ಅಂತ ಹಿತ್ತಲ ಬಾಗಿಲಿಂದ ಹೋದೆ."

"ಹಂಗಾದ್ರ ಕೂಸಿನ ಪಾಲಿಗೆ ನೀ ಇನ್ನೂ ಬಂದಿಲ್ಲ."

ನಿಂಬೆವ್ವ ಸುಮ್ಮನಿರಲಿಲ್ಲ. "ಅಷ್ಟು ಸಣ್ಣ ಕೂಸಿಗೆ ಮಾತು ತಿಳೀತೈತೇನ್ರಿ?"

"ಬರೂದು ತಿಳೀತೈತಿ," ಎಂದರು ಅಜ್ಜನವರು.

ತಾಯಿ ಮಗಳು ಮಠದಲ್ಲೇ ಇರಬೇಕೆಂದು ಅಪ್ಪಣೆಯಾಯಿತು. ಬಾವಿಗೆ ಹೋಗುವಾಗಲೂ ತಾಯಿ ಕೂಸಿನೆದುರು ಕುಳಿತು ಹೇಳಿ ಹೋಗಬೇಕು. ಹೇಳಿದಂತೆ ಬಂದು, ಮೊದಲು ಅದರ ಬಳಿಯೇ ಕೂರಬೇಕು. ಶಿವಗಂಗವ್ವ ಅದನ್ನು ವ್ರತದಂತೆ ನಡೆಸಿದಳು. ಬಹಳ ದಿನ ಕೂಸು ತಲೆಯೆತ್ತಲೂ ಇಲ್ಲ. ಆಮೇಲೆ, ಅವಳು ಹೋದ ಬಾಗಿಲನ್ನು ನೋಡತೊಡಗಿತು. ಅಜ್ಜನವರು ಗಮನಿಸಿದರು.

ಶ್ರಾವಣದ ಸೋಮವಾರ ನಿಂಬೆವ್ವ ದರ್ಶನಕ್ಕೆ ಬಂದಿದ್ದಳು. "ಬರ್ತೀನವ್ವಾ" ಎಂದು ತಾಯಿ ಕೊಡ ಎತ್ತಿಕೊಂಡದ್ದೇ ತಡ, ಕೂಸು ಅವಳ ನಿರಿಗೆ ಹಿಡಿದು ಮಠವೆಲ್ಲ ಕೇಳುವಂತೆ ಅತ್ತಿತು.

"ಅಯ್ಯ ಶಿವನ! ಛಲೋ ಇದ್ದ ಕೂಸನ್ನ ಕೆಡಿಸಿದ್ರಲ್ರಿ ಅಜ್ಜಾರ!" ಎನ್ನುತ್ತ ನಿಂಬೆವ್ವ ಎಂದಿನಂತೆ ಎರಡೂ ಕೈ ಚಾಚಿದಳು. ಕೂಸು ಹೋಗಲಿಲ್ಲ. ತಾಯಿ ಕೊಡ ಇಳಿಸಿ ಎತ್ತಿಕೊಂಡಾಗ ಅವಳ ಕೊರಳಲ್ಲಿ ಮುಖವಿಟ್ಟು, ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು.

ಅಜ್ಜನವರು ಮೊರವನ್ನು ಕೆಳಗಿಟ್ಟರು. ಅವರ ಕಣ್ಣುಗಳು ತೇವವಾಗಿದ್ದವು.

"ಬರೂರು ಅದಾರಂತ ಗೊತ್ತಾದ ಮ್ಯಾಲೆ ಕೂಸು ಅಳತೈತಿ. ಇಷ್ಟು ದಿನ ಯಾರನ್ನ ಕರದು ಅತ್ತೀತವ್ವಾ?"

ನಿಂಬೆವ್ವನ ಚಾಚಿದ ಕೈಗಳು ಹಾಗೆಯೇ ನಿಂತಿದ್ದವು. ಮೆಲ್ಲಗೆ ಅವು ಒಂದನ್ನೊಂದು ಕೂಡಿ ಮುಗಿದವು.

ಸಂಜೆ ಊರಿಗೆ ಹೊರಟಾಗ ಅವಳು ಕೂಸಿನೆದುರು ಕುಕ್ಕರಗಾಲಿನಲ್ಲಿ ಕುಳಿತಳು. "ಚಂದ್ರಲಾ, ಬರೂ ಸೋಮವಾರ ಬರ್ತೀನಿ."

ಆ ಸೋಮವಾರ ಹೊಳೆ ತುಂಬಿ ಹರಿಯುತ್ತಿತ್ತು. ನಿಂಬೆವ್ವ ಸುತ್ತುದಾರಿ ಹಿಡಿದು ಬಂದಳು.