ಬುಟ್ಟಿ ಹೆಣೆಯುವವಳ ಮಗಳು

"ಗುರುಗಳೇ, ನನ್ನ ಬಳಿ ಓದಲು ಬರುವ ಮಕ್ಕಳಲ್ಲಿ ಒಂದು ಮಗು ಕರೆದರೆ ತಿರುಗುವುದಿಲ್ಲ, ಮುಖ ಕೊಟ್ಟು ನೋಡುವುದಿಲ್ಲ. ಪಕ್ಕದ ಮಗು ಬಿದ್ದು ಅತ್ತರೂ ಅದಕ್ಕೆ ಏನೂ ಅನ್ನಿಸುವುದಿಲ್ಲ. ಅದರ ಎದೆಯಲ್ಲಿ ಮಮತೆ ಹುಟ್ಟಿಸುವುದು ಹೇಗೆ?" ಎಂದು ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಬುಟ್ಟಿ ಹೆಣೆಯುವ ಹೆಂಗಸೊಬ್ಬಳಿದ್ದಳು. ಅವಳಿಗೆ ನಾಲ್ಕು ವರ್ಷದ ಮಗಳು. ಎತ್ತಿಕೊಂಡರೆ ಮಗು ಸೆಟೆದುಕೊಳ್ಳುತ್ತಿತ್ತು. ಬೀದಿಯಲ್ಲಿ ತಮಟೆ ಬಡಿದರೆ ನೆಲಕ್ಕೆ ತಲೆ ಚಚ್ಚಿಕೊಂಡು ಚೀರುತ್ತಿತ್ತು. ಉಳಿದ ಹೊತ್ತೆಲ್ಲ ಬಾಗಿಲ ಬಳಿ ಕುಳಿತು, ಬಿದಿರಿನ ತೆಳು ಸೀಳನ್ನು ಬಗ್ಗಿಸಿ ಬಿಟ್ಟು, ಅದು ನಡುಗುವುದನ್ನು ನೋಡುತ್ತಿತ್ತು.

"ಹೆತ್ತವಳ ಗುರುತೇ ಇಲ್ಲದ ಕೂಸು. ಅದನ್ನು ಮುದ್ದು ಮಾಡುವುದೂ ಒಂದೇ, ಕಲ್ಲಿಗೆ ನೀರು ಹೊಯ್ಯುವುದೂ ಒಂದೇ" ಎನ್ನುತ್ತಿದ್ದಳು ಅತ್ತೆ. ಆ ಮಾತು ನಿಜವೇನೋ ಎಂಬ ಅಳುಕು ತಾಯಿಗೂ ಇತ್ತು.

ಒಂದು ದಿನ ಅವಳು ತಾಳ್ಮೆಗೆಟ್ಟು ಮಗುವಿನ ಗಲ್ಲ ಹಿಡಿದು ತನ್ನತ್ತ ತಿರುಗಿಸಿ, "ಒಂದು ಸಲ ನನ್ನ ನೋಡೇ" ಎಂದಳು. ಮಗು ಉಸಿರು ಕಟ್ಟುವಂತೆ ಚೀರಿತು. ತಾಯಿ ಹೆದರಿ ಕೈಬಿಟ್ಟಳು. ಎದ್ದು ಹೋಗದೆ ಅಲ್ಲೇ ಕುಳಿತಳು. ಸ್ವಲ್ಪ ಹೊತ್ತಿಗೆ ಮಗು ಮತ್ತೆ ಬಿದಿರು ಹಿಡಿಯಿತು. ಅವಳೂ ಒಂದು ಸೀಳು ತೆಗೆದುಕೊಂಡು ಬಗ್ಗಿಸಿ ಬಿಟ್ಟಳು. ಮಗುವಿನ ಕೈ ನಿಂತಿತು. ತಾಯಿಯ ಸೀಳು ನಡುಗಿ ಅಲುಗದಾಗುವವರೆಗೆ ಕಾದು, ಬಳಿಕ ತನ್ನದನ್ನು ಬಿಟ್ಟಿತು.

ಅಂದಿನಿಂದ ತಾಯಿ ದಿನವೂ ಆ ಆಟಕ್ಕೆ ಕೂರತೊಡಗಿದಳು. ಮಗುವಿನ ಮುಖವನ್ನು ತನ್ನತ್ತ ತಿರುಗಿಸುವ ಗೋಜಿಗೆ ಹೋಗಲಿಲ್ಲ. ತಮಟೆಯ ಸದ್ದು ಕೇಳಿದರೆ ಒಳಗೆ ಕರೆದೊಯ್ದು, ಅದರ ಕಿವಿಗಳನ್ನು ಅಂಗೈಯಿಂದ ಮುಚ್ಚಿ, "ಹೆದರಿಕೆ ಆಯ್ತಾ ಮಗಾ, ಹೆದರಿಕೆ ಆಯ್ತಾ" ಎನ್ನುತ್ತಿದ್ದಳು. ಮಗುವಿಗೆ ಸಿಟ್ಟು ಬಂದಾಗ "ಸಿಟ್ಟು" ಎಂದಳು, ಅದು ನಕ್ಕಾಗ "ಖುಷಿ" ಎಂದಳು. ಮಗು ಒಂದಕ್ಕೂ ಮಾರುತ್ತರ ಕೊಡಲಿಲ್ಲ. ಮಳೆಗಾಲ ಮುಗಿದು ಚಳಿ ಬಂತು. ಈಗ ತಮಟೆ ಕೇಳಿದರೆ ಮಗು ತಾನಾಗಿಯೇ ತಾಯಿಯ ಬಳಿಗೆ ಓಡಿಬರುತ್ತಿತ್ತು.

ಒಮ್ಮೆ ಬಿದಿರು ಸೀಳುವಾಗ ಕತ್ತಿ ಜಾರಿ ತಾಯಿಯ ಅಂಗೈ ಕುಯ್ದಿತು. ಅತ್ತೆ ಅರಿಶಿನ ತರಲು ಒಳಗೆ ಓಡಿದಳು. ತಾಯಿ ಗಾಯವನ್ನು ಒತ್ತಿ ಹಿಡಿದು ಅಳುತ್ತಿದ್ದಳು. ಬಾಗಿಲ ಬಳಿಯಿದ್ದ ಮಗು ಆಟ ಬಿಟ್ಟು ಎದ್ದು ಬಂತು. ತಾಯಿಯ ಮುಖವನ್ನಾಗಲಿ ರಕ್ತವನ್ನಾಗಲಿ ನೋಡಲಿಲ್ಲ. ಅವಳ ಬೆನ್ನ ಹಿಂದೆ ನಿಂತು, ಎರಡು ಕೈಗಳಿಂದ ಅವಳ ಕಿವಿಗಳನ್ನು ಮುಚ್ಚಿತು.

"ಹೆದರಿಕೆ ಆಯ್ತಾ" ಎಂದಿತು.

ಅರಿಶಿನ ಹಿಡಿದು ಬಂದ ಅತ್ತೆ ಹೊಸ್ತಿಲಲ್ಲೇ ನಿಂತುಬಿಟ್ಟಳು. ತಾಯಿ ಅಳು ಮರೆತು, ಆ ಕೈಗಳು ಸರಿಯದಂತೆ ಅಲುಗಾಡದೆ ಕುಳಿತಳು.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲಾದರೂ ಆ ಮಗು ತಾಯಿಯ ಮುಖ ನೋಡಿತೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

"ಅದಿರಲಿ, ನಿನ್ನ ಶಾಲೆಯ ಮಗು ಯಾವುದಕ್ಕೆ ಹೆದರುತ್ತದೆ, ಹೇಳು" ಎಂದರು ಗುರುಗಳು.

ಒಂದು ವರ್ಷದಿಂದ ಆ ಮಗುವಿಗೆ ಪಾಠ ಹೇಳುತ್ತಿದ್ದ ಶಿಷ್ಯ, "ಅದನ್ನು ನಾನು ಗಮನಿಸಿಯೇ ಇಲ್ಲ" ಎಂದ.